ಮರಿಯವ್ವನ ತವರುಮನೆ

ನಮ್ಮ ಕಡೆ ಕೃಷ್ಣೆಗೆ ಇನ್ನೂ ಸೇತುವೆ ಕಟ್ಟಿರದ ಕಾಲವದು. ಹೈದರಾಬಾದಿನಲ್ಲಿ ನಿಜಾಮರಿದ್ದರು, ತಿಂಥಣಿಯ ದಂಡೆಯಲ್ಲಿ ನಮ್ಮಪ್ಪನ ಹರಗೋಲಿತ್ತು. ಸುರಪುರದ ಕಡೆಯಿಂದ ಲಿಂಗಸುಗೂರು, ಮುದಗಲ್ಲಿಗೆ ಹೋಗುವವರು ಹೊಳೆ ದಾಟಲು ನಮ್ಮ ಮನೆಯ ಮುಂದೆಯೇ ಬಂದು ಕೂರುತ್ತಿದ್ದರು. ಹೊಳೆಸಾಲಿನಲ್ಲಿ ಬೆಳೆದವರಿಗೆ ಆ ವಾಸನೆ ನೆನಪಿರಬೇಕು: ಬಿಸಿಲಿಗೆ ಬೋರಲು ಹಾಕಿದ ಹರಗೋಲಿನ ಹಸಿ ತೊಗಲು, ಅದಕ್ಕೆ ಸವರಿದ ಎಣ್ಣೆ, ಒಳಗಿನಿಂದ ಸಜ್ಜಿ ರೊಟ್ಟಿ ಸುಡುವ ಹೊಗೆ. ಪೇಟೆಯ ನೆಂಟರು ಮೂಗು ಮುಚ್ಚಿಕೊಂಡರೆ ನಾವು ಮಕ್ಕಳು ಅವರನ್ನು ನೋಡಿ ನಗುತ್ತಿದ್ದೆವು.

ಚಳಿ ಬಿದ್ದು ಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಸುರಪುರ, ಶಹಾಪುರದ ಕಡೆಯ ಕಿರಿಸ್ತಾನರ ಗುಂಪೊಂದು ಬರುತ್ತಿತ್ತು. ಕ್ರಿಸ್‌ಮಸ್ಸಿಗೆ ಮುದಗಲ್ಲಿನ ಹಳೆಯ ಇಗರ್ಜಿಗೆ ಹೊರಟವರು. ಇಗರ್ಜಿ ಎಂಬ ಮಾತು ನಾನು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ನಮಗೂ ಅವರಿಗೂ ಅದು ಮುದಗಲ್ಲಿನ ಗುಡಿ, ಅಷ್ಟೇ.

ನಾವು ಅಂಬಿಗರು. ಅವರಿಗೂ ನಮಗೂ ನಂಟು ಬೆಳೆದದ್ದು ಒಂದು ಮರದ ಮೂರ್ತಿಯಿಂದ. ನನ್ನ ಆಯಿ, ಅಪ್ಪನ ತಾಯಿ ನೀಲವ್ವ, ಸೊಸೆಯಾಗಿ ಬಂದ ಹೊಸತರಲ್ಲಿ ಹೊಳೆ ತುಂಬಿ ಬಂತಂತೆ. ಆಗ ಅದು ತೇಲಿಬಂದು ನಮ್ಮ ಹರಗೋಲಿಗೆ ತಗುಲಿ ನಿಂತಿತಂತೆ. ಮೊಳದುದ್ದದ ಹೆಣ್ಣು, ಎಡಗೈಯಲ್ಲಿ ಕೂಸು, ಬಲಗೈ ಮಣಿಕಟ್ಟಿನ ಹತ್ತಿರ ಮುರಿದಿತ್ತು. ಯಾರೆಂದು ನಮ್ಮವರಿಗೆ ತಿಳಿಯಲಿಲ್ಲ. ಆ ಚಳಿಗಾಲ ಬಂದ ಕಿರಿಸ್ತಾನರು ಕಂಡವರೇ ಮೊಣಕಾಲೂರಿ ಕೂತರು. ‘ನಿಮ್ಮ ದೇವರು, ನೀವೇ ಒಯ್ಯಿರಿ’ ಎಂದರೆ ಒಪ್ಪಲಿಲ್ಲ.

“ಆಕಿ ತಾನಾಗೇ ಇಲ್ಲಿ ನಿಂತಾಳ. ಮುದಗಲ್ಲಿನ ಗುಡಿ ಆಕಿ ದೊಡ್ಡಮನಿ, ಇದು ತವರುಮನಿ. ನಮ್ಮ ಮರಿಯವ್ವನ್ನ ನೀವು ನೋಡಕೋರಿ” ಅಂದರಂತೆ.

ಅಂದಿನಿಂದ ಪಡಸಾಲೆಯ ಗೋಡೆಯ ಗೂಡಿನಲ್ಲಿ ಮರಿಯವ್ವ ನಿಂತಳು. ಶುಕ್ರವಾರಕ್ಕೊಮ್ಮೆ ಆಯಿ ಆಕೆಗೆ ಎಣ್ಣೆ ಅರಿಷಿಣ ಹಚ್ಚುತ್ತಿದ್ದಳು. ಹಚ್ಚಿ ಹಚ್ಚಿ ಆಕೆಯ ಮುಖ, ಕೂಸಿನ ಮುಖ, ಎರಡೂ ಹೊಂಬಣ್ಣಕ್ಕೆ ತಿರುಗಿದ್ದವು. ಯಾತ್ರೆಯವರು ಬಂದ ದಿನ ಆಯಿ ಉಡಿ ತುಂಬುತ್ತಿದ್ದಳು: ಒಂದು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು. ಗೂಡಿನ ಮುಂದೆ ಹಿಡಿದು, ಗಂಟು ಕಟ್ಟಿ, ಅವರ ಕೈಯಲ್ಲಿ ಕೊಟ್ಟು, “ದೊಡ್ಡಮನ್ಯಾಗ ಕೊಡ್ರಿ. ತವರಿನವರು ಕಳಿಸ್ಯಾರಂತ ಹೇಳ್ರಿ” ಅನ್ನುತ್ತಿದ್ದಳು. ಅಲ್ಲಿ ಆ ಗಂಟನ್ನು ಪಾದ್ರಿ ಏನು ಮಾಡುತ್ತಿದ್ದರೋ, ನಾವು ಯಾರೂ ಕೇಳಲಿಲ್ಲ. ತಿರುಗಿ ಬರುವಾಗ ಅವರು ನಮಗೆ ಬೆಲ್ಲ ಹಾಕಿದ ಸಿಹಿರೊಟ್ಟಿ ತರುತ್ತಿದ್ದರು. ಗೂಡಿನ ಕೆಳಗೆ ಹಚ್ಚಿದ ಮೇಣದ ಬತ್ತಿ ಸೋರಿದ್ದನ್ನು ನಾನೂ ತಮ್ಮನೂ ಕೆರೆದು, ಉಂಡೆ ಮಾಡಿ ಗೋಲಿ ಆಡುತ್ತಿದ್ದೆವು.

ಗುಂಪಿಗೆ ಹಿರಿಯಳು ಸುರಪುರದ ಅನ್ನಮ್ಮ. ಎತ್ತರದ ಮುದುಕಿ, ಮೂಗಿಗೆ ನಶ್ಯ, ಬಾಯಿ ಸುಮ್ಮನಿರುವುದಲ್ಲ.

“ಏನೋ ಭೀಮ್ಯಾ, ನಿನ್ನ ಹರಗೋಲು ಈ ವರ್ಷನೂ ಸೋರ್ತದೇನು?”

“ಸೋರೋದು ಹರಗೋಲಲ್ಲ ಅನ್ನಮ್ಮಾಯಿ, ನಿನ್ನ ಮೂಗು” ಎಂದು ಅಪ್ಪ ಅಂದರೆ, ಹೊಳೆಯ ನಡುವೆ ಹರಗೋಲು ಅಲುಗಾಡುವಂತೆ ಎಲ್ಲರೂ ನಗುತ್ತಿದ್ದರು.

ಇನ್ನೊಂದು ರೂಢಿಯನ್ನೂ ಇಲ್ಲಿ ಹೇಳಬೇಕು. ನಮ್ಮ ಸೀಮೆಯಲ್ಲಿ ಮನೆಗೆ ಬಂದವರು ಯಾವುದನ್ನಾದರೂ ಚಂದ ಅಂದರೆ, ‘ನಿಮ್ದೇ ಅದ, ತಗೋರಿ’ ಅನ್ನಬೇಕು. ಬಂದವರು ‘ನಮ್ದಂತ ಇಲ್ಲೇ ಇರಲಿ ಬಿಡ್ರಿ’ ಅನ್ನಬೇಕು. ಬಡವರು ಸಾಹುಕಾರರು, ಹಿಂದೂ ಮುಸಲ್ಮಾನರು, ಎಲ್ಲರ ಮನೆಯಲ್ಲೂ ಹೀಗೇ. ಎಮ್ಮೆಯನ್ನು ಹೊಗಳಿದರೂ ಅದೇ ಮಾತು, ಹೊಸ ಕೌದಿಯನ್ನು ಹೊಗಳಿದರೂ ಅದೇ ಮಾತು. ‘ಯಾರ ಮಗಳಿಕಿ?’ ಎಂದು ಕೇಳಿದ ಎಷ್ಟು ಮಂದಿಗೆ ಆಯಿ ‘ನಿಮ್ಮ ಮಗಳೇ ರಿ’ ಎಂದು ನನ್ನನ್ನು ಕೊಟ್ಟಿರಬೇಕು! ಒಬ್ಬರೂ ನನ್ನನ್ನು ಎತ್ತಿಕೊಂಡು ಹೋಗಲಿಲ್ಲ.

ಆ ವರ್ಷ ದಸರೆ ಮುಗಿದ ಮೇಲೆ ಹೈದರಾಬಾದಿನಿಂದ ಒಬ್ಬ ಸಾಹೇಬರು ನಮ್ಮ ಕಡೆ ಬಂದರು. ಯಾವ ಜಾತಿಯೋ ನನಗೆ ಗೊತ್ತಿಲ್ಲ; ಶೇರವಾನಿ ತೊಟ್ಟವರೆಲ್ಲ ನಮಗೆ ಸಾಹೇಬರೇ. ಹುಟ್ಟಿ ಬೆಳೆದದ್ದು ಯಾದಗಿರಿಯ ಹತ್ತಿರವಂತೆ. ನಮ್ಮ ಮಾತನ್ನು ನಮ್ಮ ಹಾಗೆಯೇ ಆಡುತ್ತಿದ್ದರು. ಸುರಪುರದ ಕೋಟೆ ನೋಡಿದರು, ಬೋನಾಳದ ಕೆರೆಯಲ್ಲಿ ಬಾತುಕೋಳಿ ಹೊಡೆದರು, ನಮ್ಮೂರಿನ ಮೌನೇಶ್ವರನ ಗುಡಿಗೆ ಬಂದರು. ಜೊತೆಗಿದ್ದ ಕಾರಕೂನನಿಗೆ ದೊಡ್ಡವರನ್ನು ಮೆಚ್ಚಿಸುವ ಚಪಲ. “ಇಲ್ಲೇ ಕೆಳಗ ಇನ್ನೊಂದು ಮಜಾ ಅದ ರಿ ಸಾಹೇಬ್ರ. ಅಂಬಿಗರ ಮನ್ಯಾಗ ಕಿರಿಸ್ತಾನರ ಬೊಂಬಿ!” ಎಂದು ಅವರನ್ನು ನಮ್ಮ ಮನೆಗೆ ಕರೆತಂದ.

ಆಯಿ ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಸಾಹೇಬರು ಬೂಟು ಕಳಚಿ ಒಳಗೆ ಬಂದರು, ಅದನ್ನೂ ಹೇಳಬೇಕು. ಗೂಡಿನ ಮುಂದೆ ಬಹಳ ಹೊತ್ತು ನಿಂತರು.

“ಬಾಳ ಚಂದ ಅದಾಳ ಮಾಯಿ. ಯಾರ ಮಗಳಿಕಿ?”

“ನಿಮ್ಮ ಮಗಳೇ ರಿ ಸಾಹೇಬ್ರ” ಆಯಿ ನಕ್ಕಳು.

“ಹಂಗಾದ್ರ ಕರಕೊಂಡು ಹೋಗಲೇನು?”

“ಕರಕೊಂಡು ಹೋಗ್ರಿ, ನಿಮ್ದೇ ಅದ.”

ಎಲ್ಲರೂ ನಕ್ಕರು. ಅಪ್ಪ ನಕ್ಕ, ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗು ಅಡ್ಡ ಹಿಡಿದು ನಕ್ಕಳು, ನಾನೂ ನಕ್ಕೆ. ಈಗ ಸಾಹೇಬರು ‘ಇಲ್ಲೇ ಇರಲಿ’ ಅನ್ನಬೇಕಿತ್ತು. ಅವರು ಬಾಗಿಲಲ್ಲಿ ನಿಂತಿದ್ದ ತಮ್ಮ ಜವಾನನ ಕಡೆ ನೋಡಿ ಕಣ್ಣಿನಿಂದ ಸನ್ನೆ ಮಾಡಿದರು. ಜವಾನ ಮೂರ್ತಿಯನ್ನು ಎತ್ತಿದ. ಆಗಲೂ ನಾವು ನಗುತ್ತಲೇ ಇದ್ದೆವು. ಚೇಷ್ಟೆಯನ್ನು ಇನ್ನಷ್ಟು ಬೆಳೆಸುತ್ತಿದ್ದಾರೆ ಅಂದುಕೊಂಡೆವು. ಟವೆಲಿನಲ್ಲಿ ಸುತ್ತಿ ಟಾಂಗಾದಲ್ಲಿ ಇಟ್ಟಾಗ ಅಪ್ಪನ ನಗು ನಿಂತಿತು. ಆಯಿಯ ಮುಖದ ಮೇಲೆ ಮಾತ್ರ ಅದು ಹಾಗೆಯೇ ಇತ್ತು. ಅದನ್ನು ತೆಗೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಟಾಂಗಾ ಏರು ಹತ್ತಿ ಮರೆಯಾದ ಮೇಲೂ ತುಟಿ ಹಾಗೆಯೇ ತೆರೆದಿತ್ತು.

“ಯವ್ವಾ, ಖರೇನೇ ಒಯ್ದ್ರಲ್ಲ!” ಎಂದು ಅವ್ವ ಚೀರಿದ ಮೇಲೆ ಆಯಿ ಕೆಳಗೆ ಕೂತಳು.

ಮರುದಿನ ಬೆಳಗ್ಗೆ ಅಪ್ಪ, ಆಯಿ ಸುರಪುರಕ್ಕೆ ಹೊರಟರು. ನಾನು ಅತ್ತೂ ಕರೆದೂ ಬೆನ್ನು ಹತ್ತಿದೆ. ಕಿರಿಸ್ತಾನರು ಬರುವುದರೊಳಗೆ ಆಕೆ ಗೂಡಿಗೆ ತಿರುಗಿ ಬರಬೇಕು. ದಾರಿಯುದ್ದಕ್ಕೂ ಆಯಿಗೆ ಇದೊಂದೇ ಮಾತು. “ಅನ್ನಮ್ಮಗ ಏನಂತ ಹೇಳ್ಲಿ? ಏನಂತ ಹೇಳ್ಲೋ ಭೀಮ್ಯಾ?”

ಸಾಹೇಬರು ಇಳಿದುಕೊಂಡಿದ್ದ ಬಂಗಲೆಯ ಕಟ್ಟೆಯ ಮೇಲೆ ಕೂತು ಸೀತಾಫಲ ತಿನ್ನುತ್ತಿದ್ದರು. ನಮ್ಮನ್ನು ಗದರಲಿಲ್ಲ. ನನ್ನ ಕೈಗೂ ಒಂದು ಹಣ್ಣು ಕೊಟ್ಟರು. ಆಯಿ ಕೈಮುಗಿದು ಎಲ್ಲ ಹೇಳಿದಳು: ಹೊಳೆಯಲ್ಲಿ ಬಂದದ್ದು, ಕಿರಿಸ್ತಾನರು ನಂಬಿ ಬಿಟ್ಟದ್ದು, ಉಡಿ ತುಂಬುವುದು. ಅವರು ಒಂದೊಂದೇ ಬೀಜ ಉಗುಳುತ್ತ ಕೇಳಿದರು.

“ನಾ ಏನ್ ಲೂಟಿ ಮಾಡೀನೇನು ಮಾಯಿ? ನೀನೇ ಕೊಟ್ಟಿ. ಕಾರಕೂನ ಕೇಳ್ಯಾನ, ನಿನ್ನ ಮಗ ಕೇಳ್ಯಾನ.”

“ನೀವು ಇದೇ ಸೀಮ್ಯಾಗ ಹುಟ್ಟಿದವರು. ನಾ ಯಾವ ಅರ್ಥದಾಗ ಅಂದೆ ಅನ್ನೋದು ನಿಮಗ ಗೊತ್ತಿಲ್ಲೇನ್ರಿ?”

ಸಾಹೇಬರು ಅವಳನ್ನು ನೆಟ್ಟಗೆ ನೋಡಿದರು.

“ಗೊತ್ತದ.”

ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ತಿಳಿಯದೆ ಮಾಡಿದ್ದರೆ ಪರದೇಶಿ ಎಂದು ಬಿಡಬಹುದಿತ್ತು. ನಮ್ಮ ಮರ್ಯಾದೆಯ ಮಾತನ್ನು ತಾಯಿಯ ಹಾಲಿನ ಜೊತೆ ಕುಡಿದವನೇ ಅದನ್ನು ಕಳ್ಳಕೀಲಿ ಮಾಡಿಕೊಂಡು ನಮ್ಮ ಮನೆಯ ಬಾಗಿಲು ತೆರೆದ.

“ಗೊತ್ತದ. ಆದ್ರ ನಿಮ್ಮ ಹೊಗಿಯಾಗ ಅದಕ್ಕ ಹುಳ ಹತ್ತತದ. ನನ್ನ ಅಜಾಯಬ್ ಖಾನೆದಾಗ ಇಂಥಾವು ಬಾಳ ಅವ. ಜತನ ಆಗಿರ್ತದ. ಊರೂರಿನ ಮಂದಿ ಬಂದು ನೋಡ್ತಾರ.”

“ನೋಡಾಕ ಬರೋರು ಬ್ಯಾರೆ ರಿ. ಆಕಿನ್ನ ಭೇಟಿ ಆಗಾಕ ಬರೋರು ಬ್ಯಾರೆ.”

“ಮಾತು ಬಾಳ ಚಂದ ಆಡ್ತೀ ಮಾಯಿ” ಎಂದು ಎದ್ದು ಕೈತೊಳೆಯಲು ಹೋದರು. ಜವಾನ ನಮ್ಮನ್ನು ಗೇಟಿನ ಹೊರಗೆ ಬಿಟ್ಟ. ಅಪ್ಪ ನನ್ನ ಕೈಯ ಸೀತಾಫಲ ಕಿತ್ತು ಬಂಗಲೆಯ ಗೋಡೆಗೆ ಹೊಡೆದ. ಅಪ್ಪನಿಂದ ಆದದ್ದು ಅಷ್ಟೇ.

ಚಳಿ ಬಿತ್ತು. ಬಂಡಿಗಳ ಗೆಜ್ಜೆ ಕೇಳಿದಾಗ ಅವ್ವ ಗೂಡಿಗೆ ಪರದೆ ಕಟ್ಟೋಣ ಅಂದಳು, ಆಯಿ ಬೇಡವೆಂದಳು. ಅನ್ನಮ್ಮ ಎಂದಿನಂತೆ ಗದ್ದಲ ಮಾಡುತ್ತ ಒಳಗೆ ಬಂದು ಗೂಡಿನ ಮುಂದೆ ನಿಂತಳು. ಆಯಿ ಏನನ್ನೂ ಮುಚ್ಚಿಡದೆ ಹೇಳಿದಳು, ತಾನು ನಕ್ಕದ್ದನ್ನೂ ಹೇಳಿದಳು.

ಅನ್ನಮ್ಮ ಬೈಯಲಿಲ್ಲ. ಬೈದಿದ್ದರೆ ಆಯಿ ಇನ್ನೂ ಕೆಲವು ವರ್ಷ ಗಟ್ಟಿಯಾಗಿರುತ್ತಿದ್ದಳೇನೋ.

“ನೀಲವ್ವಾ, ಆಕಿ ನಿನ್ನ ಮಗಳು ಹೌದು. ನಮ್ಮ ತಾಯಿ ಅಲ್ಲೇನು? ಚೇಷ್ಟಿಗೆ ಕೊಡೋ ಮಾತಿನಾಗ ಆಕಿನ್ನ ಯಾಕ ಸೇರಿಸ್ದಿ?”

ಆಯಿ ಕಟ್ಟಿಟ್ಟಿದ್ದ ಉಡಿಯ ಗಂಟನ್ನು ಮುಂದೆ ಹಿಡಿದಳು.

“ಇದನ್ನರ ಒಯ್ಯಿರಿ ಯಕ್ಕಾ.”

“ಯಾರ ಕಡೆಯಿಂದ ಅಂತ ಕೊಡ್ಲಿ? ಮಗಳಿಲ್ಲದ ಮನಿ ತವರು ಹೆಂಗ ಆಗ್ತದ?” ಅನ್ನಮ್ಮ ಗಂಟನ್ನು ಮೆಲ್ಲಗೆ ಆಯಿಯ ಮಡಿಲಿಗೇ ಸರಿಸಿದಳು.

ಅವರು ಹೊಳೆ ದಾಟುವಾಗ ಹರಗೋಲಿನಲ್ಲಿ ಅಪ್ಪನ ಹುಟ್ಟಿನ ಸಪ್ಪಳವೊಂದೇ. ತಿರುಗಿ ಬರುವಾಗ ಬೇರೆ ಕಡವಿನಲ್ಲಿ ದಾಟಿ ಹೋದರಂತೆ. ಮುಂದೆ ಯಾವ ವರ್ಷವೂ ನಮ್ಮ ದಂಡೆಗೆ ಬರಲಿಲ್ಲ. ಆಯಿ ಗೂಡಿನಲ್ಲಿ ಏನನ್ನೂ ಇಡಗೊಡಲಿಲ್ಲ, ದೀಪವನ್ನೂ ಸಹ. ಮನೆಗೆ ಬಂದವರು ಏನನ್ನಾದರೂ ಹೊಗಳಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಜನ ಅವಳನ್ನು ಸೊಕ್ಕಿನವಳು ಅಂದರು. ಆ ಹೆಸರು ಹೊತ್ತೇ ತೀರಿಕೊಂಡಳು.

ಕೆಲವು ವರ್ಷಗಳ ಹಿಂದೆ, ಮಗಳನ್ನು ಕೊಟ್ಟ ಊರಿಗೆ ಹೋದಾಗ ಅಳಿಯ ನನ್ನನ್ನು ಒಂದು ಮ್ಯೂಸಿಯಮ್ಮಿಗೆ ಕರೆದೊಯ್ದ. ಕತ್ತಿ, ಗಡಿಯಾರ, ಪಿಂಗಾಣಿ ಎಲ್ಲ ದಾಟಿ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನನ್ನ ಕಾಲು ನಿಂತಿತು. ಬಲಗೈ ಮಣಿಕಟ್ಟಿನ ಹತ್ತಿರ ಮುರಿದಿದೆ. ಆದರೆ ಮುಖದ ಬಣ್ಣ ಬೇರೆ. ಯಾವುದೋ ಔಷಧಿ ಹಾಕಿ ತೊಳೆದು, ಆಯಿ ಆಯುಷ್ಯವಿಡೀ ಹಚ್ಚಿದ್ದ ಅರಿಷಿಣವನ್ನು ಕೊಳೆಯೆಂದು ತೆಗೆದಿದ್ದರು. ಕೆಳಗೆ ಸಾಹೇಬರ ಹೆಸರು, ಅವರ ಕಾಣಿಕೆಯೆಂದು. ಶಾಲೆಯ ಮಕ್ಕಳಿಗೆ ತೋರಿಸುತ್ತಿದ್ದ ಹುಡುಗಿ ಹೇಳುತ್ತಿದ್ದಳು: “ಇದು ದಿಕ್ಕಿಲ್ಲದೆ ಬಿದ್ದಿತ್ತು. ಆ ಮಹನೀಯರು ತಂದು ಉಳಿಸಿದರು.”

“ಯಾರ್ ಹೇಳಿದ್ರವ್ವಾ ನಿನಗ, ದಿಕ್ಕಿಲ್ಲದ ಬಿದ್ದಿತ್ತಂತ?”

ನನ್ನ ದನಿ ಆ ಎತ್ತರದ ಕೋಣೆಯಲ್ಲಿ ಹೇಗೆ ಗುಡುಗಿತೆಂದರೆ ಮಕ್ಕಳು ಹಿಂದೆ ಸರಿದರು. ಅಳಿಯ ನಾಚಿಕೆಯಿಂದ ಬೇರೆ ಕಡೆ ನೋಡಿದ. ನಾನು ಇನ್ನೂ ಏನೇನೋ ಕೂಗಿದೆ. ವಯಸ್ಸಾದ ಕಾವಲುಗಾರನೊಬ್ಬ ಬಂದು, ತೋಳು ಮುಟ್ಟದೆ, ಹೊರಗಿನ ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ. ಅದು ನಿಮ್ಮದಾಗಿತ್ತೇನಮ್ಮಾ ಎಂದು ಮೆಲ್ಲಗೆ ಕೇಳಿದ.

ನಮ್ಮದಲ್ಲ, ಅಂದೆ. ಹಾಗಾದರೆ ಯಾರದು, ಅಂದ.

ಏನೆಂದು ಹೇಳಲಿ? ಅನ್ನಮ್ಮ ಇಲ್ಲ. ಅವಳ ಮೊಮ್ಮಕ್ಕಳು ಈಗಲೂ ಮುದಗಲ್ಲಿಗೆ ಹೋಗುತ್ತಾರೆ, ಬಸ್ಸಿನಲ್ಲಿ, ಸೇತುವೆಯ ಮೇಲೆ. ಒಂದು ಎಲೆ ಅಡಿಕೆ ಜಗಿಯುವುದರೊಳಗೆ ಹೊಳೆ ದಾಟಿರುತ್ತದೆ. ಕೆಳಗೆ ಇಳಿದು ಕೂರುವ ಕೆಲಸವಿಲ್ಲ, ಅಂಬಿಗನ ಕೂಡ ಜಗಳವಿಲ್ಲ, ಇಂಥ ಮನೆಯೊಂದಿತ್ತೆಂದು ಅವರಿಗೆ ಹೇಳಿದವರಿಲ್ಲ. ನಮ್ಮ ಮಣ್ಣಿನ ಗೋಡೆ ಎಂದೋ ಕರಗಿ ಹೊಳೆ ಸೇರಿತು. ಹಿಂದೂ ಹೆಂಗಸೊಬ್ಬಳು ಕಿರಿಸ್ತಾನರ ತಾಯಿಗೆ ಉಡಿ ತುಂಬುತ್ತಿದ್ದಳೆಂದರೆ ಇಂದಿನ ಹುಡುಗರು ಎರಡೂ ಕಡೆಯಿಂದ ನನ್ನನ್ನು ಅನುಮಾನದಿಂದ ನೋಡುತ್ತಾರೆ. ಮೂರ್ತಿ ಮಾತ್ರ ಜತನವಾಗಿದೆ. ಹುಳ ಹತ್ತಿಲ್ಲ. ಸಾಹೇಬರು ಆಡಿದಂತೆಯೇ ನಡೆದುಕೊಂಡಿದ್ದಾರೆ.

ಕಾವಲುಗಾರ ಹೋಗಲಿ ಬಿಡಿ, ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಅಂದ. ಒಳ್ಳೆಯ ಮನುಷ್ಯ. ಅವನಿಗೆ ಲೋಟ ತಿರುಗಿ ಕೊಟ್ಟೆ. ಆದರೆ ಮರಿಯವ್ವನದೆಂದು ನನ್ನ ಹತ್ತಿರ ಈಗ ಉಳಿದಿರುವುದು ಈ ಸಿಟ್ಟೊಂದೇ. ಇದನ್ನು ಯಾರು ಎಷ್ಟು ಚಂದವಾಗಿ ಕೇಳಿದರೂ ನಾನು ಕೊಡುವವಳಲ್ಲ.