ಹಪ್ಪಳದ ಹರಟೆಗೊಂದು ವಿಳಾಸ

ನಾನು ಓದಿದ್ದು ಐದನೇ ಕ್ಲಾಸು. ಆದರೂ ಈಗ ಬೆಳ್ಳಾರೆ ಪೇಟೆಯಲ್ಲಿ ಯಾರಾದರೂ ಸಿಕ್ಕಿ 'ಎಂತ ವಿಶೇಷ?' ಎಂದರೆ ಸಾಕು, ಮೆಟಾಡೇಟಾ ಎಂಬ ಶಬ್ದವನ್ನು ಹೇಗಾದರೂ ಮಾತಿನೊಳಗೆ ತುರುಕಿಬಿಡುತ್ತೇನೆ. ಬಸ್ಸು ಬಂದರೆ ಎದುರಿನವರು ಪಾರಾಗುತ್ತಾರೆ.

ಶಬ್ದ ಕೊಟ್ಟವಳು ಮೊಮ್ಮಗಳು ಚೈತ್ರಾ, ಪುತ್ತೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುವವಳು. ಹಲಸಿನ ಹಪ್ಪಳ ಮಾಡಲು ನಾವು ಹೆಂಗಸರು ಇವತ್ತು ನಿಮ್ಮಲ್ಲಿ, ನಾಳೆ ನಮ್ಮಲ್ಲಿ ಎಂದು ಸೇರುತ್ತೇವಲ್ಲ, ಆ ಕೂಟದ ಮಾತುಕತೆಯೇ ಅವಳ ಅಧ್ಯಯನ. ಸುಳ್ಯದ ಕಡೆಯದ್ದು ಅವಳು, ಪುತ್ತೂರಿನದ್ದು ಒಬ್ಬಳು ಗೆಳತಿ, ಕಡಬದ್ದು ಇನ್ನೊಬ್ಬಳು ಎಂದು ಹಂಚಿಕೊಂಡು ಮೊಬೈಲಿನಲ್ಲಿ ರೆಕಾರ್ಡು ಮಾಡಿದರು. ಹರಟೆಗೂ ಎಂ.ಎ. ಸಿಗುತ್ತದೆಂದು ಆಗಲೇ ಗೊತ್ತಿದ್ದರೆ ನಾನು ಶಾಲೆ ಬಿಡುತ್ತಿರಲಿಲ್ಲ.

ಮೂವರದ್ದನ್ನೂ ಒಟ್ಟು ಸೇರಿಸುವಾಗ ಶುರುವಾಯಿತು ಪೇಚಾಟ. ಒಬ್ಬಳು ವಯಸ್ಸಿನ ಜಾಗದಲ್ಲಿ 'ಅಜ್ಜಿ' ಎಂದು ಬರೆದಿದ್ದಳು. ಇನ್ನೊಬ್ಬಳು ಊರಿನ ಜಾಗದಲ್ಲಿ 'ನಮ್ಮ ಮನೆ ಹತ್ತಿರ'. ಇದು ವಿಶ್ವವಿದ್ಯಾನಿಲಯದ ಸಂಗ್ರಹಕ್ಕೆ ಹೋಗಬೇಕಾದರೆ ಯಾರ ಮಾತು, ಯಾವ ಊರು, ಯಾವ ಭಾಷೆ, ಬೇರೆಯವರು ಕೇಳಬಹುದೇ ಎಂಬ ವಿವರವೆಲ್ಲ (ಇದಕ್ಕೇ ಮೆಟಾಡೇಟಾ ಎನ್ನುವುದಂತೆ) ಮೂವರದ್ದೂ ಒಂದೇ ಕ್ರಮದಲ್ಲಿರಬೇಕು. ಇಲ್ಲದಿದ್ದರೆ ಮಾರ್ಕೇನೋ ಸಿಕ್ಕೀತು, ಮಾತು ಮಾತ್ರ ಮೊಬೈಲಿನೊಟ್ಟಿಗೇ ಕೆಟ್ಟುಹೋಗುತ್ತದೆ ಎಂದರಂತೆ ಅವಳ ಮೇಡಂ. ದೊಡ್ಡ ಅಧ್ಯಯನವಾದರೆ ನೆನಪಿಟ್ಟುಕೊಳ್ಳಲು ಹತ್ತು ಜನ ಇರುತ್ತಾರೆ. ಸಣ್ಣದಕ್ಕೆ ಒಂದೇ ತಲೆ, ಅದೂ ಪರೀಕ್ಷೆ ಮುಗಿದೊಡನೆ ಮರೆಯುವ ತಲೆ.

ಇದು ನನಗೆ ಬೇಗ ಹೊಳೆಯಿತು. ನಮ್ಮ ಅಟ್ಟದ ಹಪ್ಪಳದ ಡಬ್ಬಗಳೆಲ್ಲ ಒಂದೇ ಥರ. ಖಾರದ್ದು ಯಾವುದು, ಸಪ್ಪೆ ಯಾವುದು ಎಂದು ನೆನಪಿರುತ್ತದೆಂಬ ಧೈರ್ಯದಲ್ಲೇ ಇಡುತ್ತೇನೆ. ಕರಿದು ಕೊಟ್ಟ ಮೇಲೆ ಮಕ್ಕಳು ನೀರಿಗೆ ಓಡುವಾಗ ಖಾರದ್ದು ಯಾವುದೆಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಅರ್ಥವಾಗಿಯೂ ತಪ್ಪು ವಿವರ ಕೊಟ್ಟವಳು ನಾನೇ. ಭಾಷೆ ಯಾವುದು ಎಂದದ್ದಕ್ಕೆ 'ಕನ್ನಡ' ಎಂದುಬಿಟ್ಟಿದ್ದೆ. ಪೆನ್ನು ಹಿಡಿದವರು ಕೇಳಿದರೆ ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೆಯೇ. ಚೈತ್ರಾ ರೆಕಾರ್ಡನ್ನು ಪುನಃ ಹಾಕಿ ಕೇಳಿಸಿದಳು. ಅವಳೊಡನೆ ನಮ್ಮ ಮನೆಮಾತು ಅರೆಭಾಷೆ, ಪಕ್ಕದ ಮನೆಯ ಯಮುನಕ್ಕನೊಡನೆ ತುಳು, ನಡುವೆ ಅಂಗಳಕ್ಕೆ ಬಂದ ಮೀನಿನವನೊಡನೆ ಬ್ಯಾರಿ. ಕನ್ನಡ ಬಂದದ್ದು ಮೊಬೈಲನ್ನು ಮುಖದ ಹತ್ತಿರ ಹಿಡಿದಾಗ ಮಾತ್ರ, ಅದೂ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ.

"ಅಜ್ಜಿ, ನಾಲ್ಕೂ ಬರಿಲಿಕ್ಕೆ ಜಾಗ ಉಂಟು," ಎಂದಳು.

"ಹಾಗಾದ್ರೆ ಬರಿ. ನಂದೆಂತ ಹೋಗುದು?" ಎಂದೆ.

ಯಮುನಕ್ಕನನ್ನೂ ಒಪ್ಪಿಗೆ ಕೇಳಬೇಕಿತ್ತು. ಅವಳು, "ಹೆಸರು ಬೇಡ. ನಗಾಡಿದ್ದು ಇರ್ಲಿ," ಎಂದಳು. ಅದಕ್ಕೂ ಒಂದು ಜಾಗ ಇತ್ತು! (ಯಮುನಕ್ಕ ಹೇಳಿದ್ದು ತುಳುವಿನಲ್ಲಿ, ವಿವರ ಸರಿಯಿರಲಿ ಎಂದು ತಿಳಿಸಿದೆ. ಇಲ್ಲಿಯೂ ಯಮುನಕ್ಕ ಎಂಬುದು ಅವಳ ನಿಜವಾದ ಹೆಸರಲ್ಲ.)

ಮೂವರೂ ಕೂತು ಎಲ್ಲ ವಿವರಗಳನ್ನೂ ಒಂದೇ ಕ್ರಮಕ್ಕೆ ತಂದರು, ಸಂಗ್ರಹಕ್ಕೆ ಸೇರಿಸಿದರು. ಇನ್ನು ಅದನ್ನು ಯಾರು ಕೇಳುತ್ತಾರೆ ಎಂದು ನಾನೂ ಸುಮ್ಮನಾಗಿದ್ದೆ.

ಮೊನ್ನೆ ಚೈತ್ರಾ ಅಂಗಳದಿಂದಲೇ ಕೂಗಿಕೊಂಡು ಬಂದಳು. ಧಾರವಾಡದಲ್ಲಿ ಓದುವ ಒಂದು ಹುಡುಗಿ ಅರೆಭಾಷೆ, ಹೆಂಗಸರು, ಹಪ್ಪಳ ಎಂದು ಹುಡುಕಿದ್ದಾಳೆ, ಸಿಕ್ಕಿದ್ದು ನಾವು. ತನ್ನ ಅಧ್ಯಯನಕ್ಕೆ ಬಳಸಿಕೊಳ್ಳಲೇ ಎಂದು ಪತ್ರ ಹಾಕಿದ್ದಾಳೆ. ಬರೀ ಕನ್ನಡ ಎಂದು ಬರೆದಿದ್ದರೆ ಅಷ್ಟು ದೊಡ್ಡ ಕನ್ನಡದಲ್ಲಿ ನನ್ನನ್ನು ಎಲ್ಲಿ ಹುಡುಕುತ್ತಿದ್ದಳು ಪಾಪ! ಆ ದಿನ ನಾನು ಮಾಡಿದ ಪಾಯಸಕ್ಕೆ ಬೆಲ್ಲ ಹೆಚ್ಚಾಯಿತು. ಯಾರೂ ದೂರಲಿಲ್ಲ.

ಈಗ ನಮ್ಮ ಡಬ್ಬಗಳಿಗೂ ಚೀಟಿ ಬಂದಿದೆ. ಯಾವ ಮರದ ಹಲಸು, ಖಾರವೋ ಸಪ್ಪೆಯೋ, ಯಾರೆಲ್ಲ ಒತ್ತಿದ್ದು. ಯಮುನಕ್ಕ ನೋಡಿ, "ಹಪ್ಪಳಕ್ಕೂ ಆಧಾರ್ ಕಾರ್ಡಾ ಮಾರಾಯ್ರೆ?" ಎಂದು ನಕ್ಕಳು. ಸಂಗ್ರಹದಲ್ಲಿರುವುದು ಅದೇ ನಗು.

ಧಾರವಾಡದ ಹುಡುಗಿ ಹಲಸಿನ ಕಾಲಕ್ಕೆ ಬರುತ್ತಾಳಂತೆ. ನನ್ನ ಊರು, ವಯಸ್ಸು, ಭಾಷೆ ಎಲ್ಲ ಅವಳಿಗೆ ಗೊತ್ತು. ಅವಳದ್ದು ನನಗೆ ಏನೂ ಗೊತ್ತಿಲ್ಲ. ಬರಲಿ, ಕೂರಿಸಿ ಎಲ್ಲವನ್ನೂ ಕ್ರಮವಾಗಿ ಕೇಳುತ್ತೇನೆ. ಖಾರ ಆಗುತ್ತದೋ ಇಲ್ಲವೋ ಎಂಬಲ್ಲಿಂದ ಶುರು.