ಅವ್ವನ ಪಾದದ ಮೇಲೆ ನನ್ನ ಪಾದ

ಆ ದಿನಗಳಲ್ಲಿ ಗೋವೆಯ ಚಿಂಬಲ್‌ನ ನಮ್ಮ ಓಣಿಯಲ್ಲಿ ಯಾರದಾದರೂ ಟೊಂಕ ಹಿಡಿದರೆ, ಕಾಲು ಉಳುಕಿದರೆ, ದವಾಖಾನೆಯ ನೆನಪು ಆಮೇಲೆ ಬರುತ್ತಿತ್ತು. ಮೊದಲು ಬರುತ್ತಿದ್ದ ಮಾತು, "ರೇಣಿ ಸಾಲಿಯಿಂದ ಬಂದಳೇನು?" ಎಂಬುದು. ಆ ರೇಣಿ ನಾನೇ. ಅವ್ವನ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದೆ ಮಾಡಿಕೊಂಡು ಹುಟ್ಟಿದವಳು. ಹಾಗೆ ಹುಟ್ಟಿದವರನ್ನು ಮರಾಠಿಯವರು ಪಾಯಾಳು ಅನ್ನುತ್ತಾರೆ. ವಿಜಾಪುರದ ಕಡೆಯಿಂದ ಬಂದ ನಮ್ಮ ಮಂದಿಗೂ ಅದೇ ಮಾತು ರೂಢಿಯಾಗಿತ್ತು. ಪಾಯಾಳು ನೋವಿದ್ದ ಜಾಗಕ್ಕೆ ಮೂರು ಸಲ ಪಾದ ತಾಗಿಸಿದರೆ ನೋವು ಬಿಟ್ಟುಹೋಗುತ್ತದೆ ಎಂಬುದು ಎಲ್ಲರ ನಂಬಿಕೆ.

ರವಿವಾರ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಸ್ಲ್ಯಾಬ್ ಕೆಲಸದ ಗಂಡಸರು ಚಾಪೆಯ ಮೇಲೆ ಬೋರಲು ಮಲಗುತ್ತಿದ್ದರು. ಹತ್ತು ವರ್ಷದ ನಾನು ಕಾಲು ತೊಳೆದುಕೊಂಡು ಬಂದು, ಗೆಜ್ಜೆ ಸದ್ದು ಮಾಡುತ್ತ, ಅವರ ಬೆನ್ನಿಗೆ ಹಿಮ್ಮಡಿ ತಾಗಿಸುತ್ತಿದ್ದೆ. ಅವರ ಅಂಗಿಗಳಿಂದ ಸಿಮೆಂಟಿನ, ಬೆವರಿನ ವಾಸನೆ. ನನಗೆ ಸಿಗುತ್ತಿದ್ದದ್ದು ಶೇಂಗಾ ಉಂಡಿ, ಪೇರಲಹಣ್ಣು, ಒಂದು ಸಲವಂತೂ ಇಡೀ ಅನಾನಸು. ಮೂರು ನಾಲ್ಕು ದಿನಕ್ಕೆ ಅವರ ನೋವು ಇಳಿಯುತ್ತಿತ್ತು, ಹೆಸರು ನನ್ನ ಕಾಲಿಗೆ ಬರುತ್ತಿತ್ತು. ನನ್ನ ಜಂಬ ಕೇಳಬೇಡಿ. ಕುಂಟಾಬಿಲ್ಲೆ ಆಡಲು ಹೋದರೆ ಪಕ್ಕದ ಕೋಣೆಯಲ್ಲಿದ್ದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಬೆನ್ನಟ್ಟಿ ಬರುತ್ತಿದ್ದಳು.

"ಏ ಹುಡುಗಿ, ಕಾಲು ಮುರ್ಕೊಂಡೀ! ಅದು ನಿನ್ನೊಬ್ಬಾಕಿ ಕಾಲಲ್ಲ, ಓಣಿ ಮಂದಿ ಕಾಲೈತಿ!"

ಆ ವರ್ಷ ಮೊದಲ ಮಳೆಗೆ ನಮ್ಮ ಓಣಿಯ ಮೆಟ್ಟಿಲು ಪಾಚಿ ಹಿಡಿಯಿತು. ಅವ್ವ ಮತ್ತು ದೊಡ್ಡವ್ವ ಕಲಂಗುಟ್ ಬೀಚಿನಲ್ಲಿ ಕನ್ನಡಿ ಕೂರಿಸಿದ ಕಸೂತಿ ಚಾದರ ಮಾರುತ್ತಿದ್ದರು. ಮಳೆಗಾಲದಲ್ಲಿ ಬೀಚಿನ ವ್ಯಾಪಾರ ಬಂದ್. ಉಳಿದ ಚಾದರಗಳ ಗಂಟನ್ನು ಮನೆಗೆ ತರುತ್ತಿದ್ದ ಅವ್ವ ಮೆಟ್ಟಿಲ ಮೇಲೆ ಜಾರಿದಳು. ಗಂಟು ಒದ್ದೆಯಾಗಬಾರದೆಂದು ಅದನ್ನು ಬಿಡಲಿಲ್ಲ. ಇನ್ನೊಂದು ಕೈಯಿಂದ ಕಂಬ ಹಿಡಿದಳು, ಬಲಭುಜ ಉಳುಕಿತು. ಚಾದರಗಳಿಗೆ ಒಂದು ಹನಿ ನೀರೂ ತಾಗಿರಲಿಲ್ಲ!

ಮನೆಯಲ್ಲೇ ವೈದ್ಯೆ ಇರುವಾಗ ಹೊರಗೆ ಯಾಕೆ ಹೋಗಬೇಕು? ರವಿವಾರ ಅವ್ವನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ನಾನು ಸ್ಟೂಲಿನ ಮೇಲೆ ನಿಂತು ಭುಜಕ್ಕೆ ಮೂರು ಸಲ ಪಾದ ತಾಗಿಸಿದೆ. ಆಮೇಲೆ ದೊಡ್ಡವ್ವ ಒಂದು ನೇಮ ಹಾಕಿದಳು.

"ಪಾಯಾಳು ಕಾಲ ಮುಟ್ಟಿಸಿದ ಮ್ಯಾಲ ಕೈ ಅಲ್ಲಾಡಿಸಿದ್ರ ಗುಣ ಹೋಗತೈತಿ. ಗಟ್ಟಿಯಾಗಿ ಕಟ್ಟಿಡು. ಹೆಂಗೂ ಮಳಿಗಾಲ, ನಿನಗೇನು ಕೆಲಸೈತಿ?"

ಹಳೆಯ ಸೀರೆಯ ತುಂಡಿನಿಂದ ಅವ್ವನ ಕೈಯನ್ನು ಎದೆಗೆ ಕಟ್ಟಿದೆವು. ದಿನಾ ಬೆಳಿಗ್ಗೆ ಆ ಗಂಟನ್ನು ಬಿಗಿ ಮಾಡುವ ಕೆಲಸ ನನ್ನದು. ನನ್ನ ಕಾಲಿನ ಗುಣ ಸೋರಿಹೋಗಬಾರದೆಂದು ನಾನು ಪೊಲೀಸಿನಂತೆ ಕಾಯುತ್ತಿದ್ದೆ. ಅವ್ವ ಬೆರಳು ಆಡಿಸಿದರೂ ಗದರುತ್ತಿದ್ದೆ. ರೊಟ್ಟಿ ಬಡಿಯುವವರಿಲ್ಲದೆ ಮೂರು ಹೊತ್ತೂ ಪಾವು ತಿಂದೆವು. ಸೈಕಲ್ಲಿನ ಹಾರ್ನ್ ಊದುತ್ತ ಪಾವ್‌ವಾಲಾ ಬಂದರೆ ಮೊದಮೊದಲು ನನಗೆ ಹಬ್ಬ. ತಿಂಗಳಾಗುವಷ್ಟರಲ್ಲಿ ಆ ಹಾರ್ನ್ ಕೇಳಿದರೆ ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಜೋಳದ ರೊಟ್ಟಿಯ ಪಟಪಟ ಸದ್ದಿಗೆ ಕಿವಿ ಕಾಯುತ್ತಿತ್ತು.

ಚೌತಿಯ ದಿನ ಗಂಟು ಬಿಚ್ಚಿದೆವು. ಅವ್ವನ ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಎತ್ತಿದರೆ ಇಡೀ ಹೆಗಲೇ ಮೇಲೆ ಬರುತ್ತಿತ್ತು, ಕೈ ಮಾತ್ರ ಬರುತ್ತಿರಲಿಲ್ಲ. ತಲೆ ಬಾಚಿಕೊಳ್ಳಲು ಆಗದು, ಜಂಪರ್ ತೊಡಲು ಆಗದು. ಬೀಚಿನಲ್ಲಿ ಎರಡು ಗಾಳಿಮರಗಳ ನಡುವೆ ಹಗ್ಗ ಕಟ್ಟಿ, ಎರಡೂ ಕೈಯಿಂದ ಚಾದರವನ್ನು ಜಾಡಿಸಿ ಅದರ ಮೇಲೆ ಎಸೆಯಬೇಕು. ಕನ್ನಡಿಗಳು ಬಿಸಿಲಿಗೆ ಹೊಳೆದರೇನೇ ಗಿರಾಕಿ ತಿರುಗಿ ನೋಡುವುದು. ಕೈ ಎತ್ತಲಾಗದವಳು ಚಾದರ ಮಾರಲಾರಳು.

ದೊಡ್ಡವ್ವ ನನ್ನ ಕಡೆ ನೋಡಿದಳು. "ದೀಪಾವಳಿ ಸೂಟಿ ಮುಗಿದ ಮ್ಯಾಲ ಈಕಿ ಸಾಲಿಗೆ ಹೋಗೂದು ಬ್ಯಾಡ. ನಿನ್ನ ಕೂಡ ಬೀಚಿಗೆ ಬರ್ಲಿ, ನಿನ್ನ ಬಲಗೈ ಆಗಿ ಇರ್ಲಿ."

ಮರುದಿನ ಅವ್ವ ಎಡಗೈಯಿಂದಲೇ ಹೇಗೋ ಸೆರಗು ಸಿಕ್ಕಿಸಿಕೊಂಡು, ನನ್ನನ್ನು ಕರೆದುಕೊಂಡು ಪಣಜಿಯ ಬಸ್ಸು ಹತ್ತಿದಳು.

ದವಾಖಾನೆಯಲ್ಲಿ ಫೋಟೋ ತೆಗೆದು ಎಲುಬು ಸರಿಯಿದೆ ಎಂದರು. ಆಮೇಲೆ ಕೀಲಿನ ವ್ಯಾಯಾಮ ಹೇಳಿಕೊಡುವ ಒಬ್ಬ ಫಿಜಿಯೋ ಹತ್ತಿರ ಕಳಿಸಿದರು. ದಪ್ಪ ಕನ್ನಡಕದ ನಗುಮುಖದ ಗೋವೆಯ ಹೆಂಗಸು, ಎಲ್ಲರೂ ಆಕೆಯನ್ನು ಬಾಯಿ, ಅಂದರೆ ಅಮ್ಮಾ ಎಂದು ಕರೆಯುತ್ತಿದ್ದರು. ಆಕೆ ಕೊಂಕಣಿಯಲ್ಲಿ ಹೇಳುವುದನ್ನು ಅವ್ವನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸವೆಂದು ನಾನೇ ಮುಂದೆ ನಿಂತೆ. ಆಪರೇಷನ್ ಬೇಡ ಅಂದಳು, ಹೇಳಿದೆ. ಕಾವು ಕೊಟ್ಟು ದಿನಕ್ಕೆ ಮೂರು ಸಲ ವ್ಯಾಯಾಮ ಮಾಡಬೇಕು ಅಂದಳು, ಹೇಳಿದೆ. ಆಮೇಲೆ ಆಕೆ ತಲೆ ಅಲ್ಲಾಡಿಸುತ್ತ, ಉಳುಕು ಸಣ್ಣದಿತ್ತು, ಇಷ್ಟು ದಿನ ಅಲ್ಲಾಡಿಸದೆ ಕಟ್ಟಿಟ್ಟದ್ದಕ್ಕೇ ಕೀಲು ಬಿಗಿದುಕೊಂಡಿದೆ ಅಂದಳು. ಆ ಮಾತನ್ನು ನಾನು ನುಂಗಿಬಿಟ್ಟೆ. ಗಂಟು ಕಟ್ಟಿದ ಕೈ ನನ್ನದೇ ಅಲ್ಲವೇ!

"ಏನಂದ್ರವ್ವ ಬಾಯಿ?" ಅವ್ವ ಕೇಳಿದಳು.

"ಏನಿಲ್ಲವ್ವ. ಮಳಿ ಭಾಳ ಐತಿ ಅಂದ್ರು."

ಅಂದಿನಿಂದ ನಮ್ಮ ಹತ್ತು ಅಡಿಯ ಕೋಣೆಯೇ ದವಾಖಾನೆಯಾಯಿತು. ಉಪ್ಪಿನ ಗಂಟನ್ನು ಹಂಚಿನ ಮೇಲೆ ಬಿಸಿ ಮಾಡಿ ಭುಜಕ್ಕೆ ಕಾವು. ಆಮೇಲೆ ಅವ್ವ ಬಗ್ಗಿ, ನೀರು ತುಂಬಿದ ತಂಬಿಗೆ ಹಿಡಿದು ಕೈಯನ್ನು ತೊಟ್ಟಿಲಿನ ಹಾಗೆ ತೂಗುವುದು. ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಮೇಲಕ್ಕೆ ನೂಕುವುದು. ಎಲ್ಲಕ್ಕಿಂತ ಕಷ್ಟದ್ದು ಗೋಡೆ ಹತ್ತುವುದು. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಒಂದೊಂದೇ ಹೆಜ್ಜೆ ಮೇಲಕ್ಕೆ ನಡೆಸುತ್ತ ಕೈಯನ್ನು ಒಯ್ಯಬೇಕು. ಬಿಗಿತ ಗೊತ್ತಾಗಬೇಕು, ಚೀರುವಷ್ಟು ನೋಯಬಾರದು ಎಂದು ಬಾಯಿ ಹೇಳಿದ್ದಳು.

ಅವ್ವನ ಎಡಗೈ ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆದೆ. ಬಲಗೈ ಅಲ್ಲಿಗೆ ತಲುಪಬೇಕು. ಮೊದಲ ದಿನ ಅದು ಗದ್ದದ ಮಟ್ಟದಲ್ಲೇ ನಿಂತಿತು, ಅಲ್ಲೂ ಒಂದು ಗೆರೆ ಎಳೆದೆ. ಎರಡು ಗೆರೆಗಳ ನಡುವೆ ನಾನೇ ನಿಲ್ಲುವಷ್ಟು ಗೋಡೆ ಖಾಲಿ ಉಳಿದಂತೆ ನನಗೆ ಕಂಡಿತು. ದಿನಾ ಒಂದು ಗೆರೆ, ಕೆಲವು ದಿನ ಹಿಂದಿನ ಗೆರೆಯ ಮೇಲೇ ಗೆರೆ. ಅವ್ವನ ಹಣೆಯ ಬೆವರು ಕುಂಕುಮವನ್ನು ಮೂಗಿಗೆ ಇಳಿಸುತ್ತಿತ್ತು. ಒಂದು ದಿನವೂ 'ಇವತ್ತು ಬ್ಯಾಡ' ಅನ್ನಲಿಲ್ಲ.

ಆದರೆ ಕಳ್ಳಾಟ ಆಡುತ್ತಿದ್ದಳು! ಒಂದು ದಿನ ಕೈ ನಾಲ್ಕು ಬೆರಳು ಮೇಲೆ ಹೋಯಿತೆಂದು ನಾನು ಕುಣಿಯುವಷ್ಟರಲ್ಲಿ ಅವಳ ಕಾಲು ನೋಡಿದೆ.

"ಅವ್ವಾ! ತುದಿಗಾಲ ಮ್ಯಾಲ ನಿಂತೀ ನೀ!"

"ಇಲ್ಲಬೇ, ಎಲ್ಲಿ?"

"ಹಿಮ್ಮಡಿ ನೋಡು, ಹೆಂಗ ಮ್ಯಾಲ ಎದ್ದಾವು!"

ಬೈದರೂ ಅವಳ ಹಿಮ್ಮಡಿ ನೆಲಕ್ಕೆ ನಿಲ್ಲಲಿಲ್ಲ. ಕೊನೆಗೆ ನಾನು ಅವಳ ಬೆನ್ನ ಹಿಂದೆ ಆತುಕೊಂಡು, ಅವಳ ಎರಡೂ ಪಾದಗಳ ಮೇಲೆ ನನ್ನ ಪಾದ ಇಟ್ಟು ನಿಂತೆ. ಅವಳ ಬೆನ್ನಿಗೆ ನನ್ನ ಕೆನ್ನೆ. ಉಪ್ಪಿನ ಕಾವಿನ ಬಿಸಿ, ಕೊಬ್ಬರಿ ಎಣ್ಣೆಯ ವಾಸನೆ. ಮೇಲೆ ಗೋಡೆಯ ಸುಣ್ಣಕ್ಕೆ ಉಗುರು ತಾಗುವ ಸಣ್ಣ ಕರಕರ ಸದ್ದು. ದಿನಕ್ಕೆ ಮೂರು ಸಲ ಹಾಗೇ ನಿಂತೆವು. ಅಲ್ಲೇ ಒಂದು ದಿನ, ಮುಖ ಕಾಣದ ಧೈರ್ಯದಲ್ಲಿ, ನುಂಗಿದ ಮಾತನ್ನು ಉಗುಳಿದೆ.

"ಅವ್ವಾ, ಕೈ ಕಟ್ಟಿಟ್ಟಿದ್ದಕ್ಕ ಹಿಂಗಾತಂತ ಬಾಯಿ ಅಂದಿದ್ರು. ನಾ ಹೇಳಲಿಲ್ಲ."

ಅವ್ವನ ಬೆನ್ನು ನಗುವಿಗೆ ಅಲುಗಿತು. "ಬೀಚಿನ್ಯಾಗ ಊರೂರು ಮಂದಿ ಕೂಡ ಯಾಪಾರ ಮಾಡಾಕಿ ನಾ. ನನಗ ಕೊಂಕಣಿ ತಿಳಿಯಂಗಿಲ್ಲಂತ ಮಾಡೀಯೇನು? ಸುಮ್ನ ತುಳಿ. ಗಟ್ಟಿ ತುಳಿ."

ನಾನು ಅಳುತ್ತ ತುಳಿದೆ.

ಎಷ್ಟೋ ವರ್ಷದ ಮೇಲೆ ನನಗೆ ಇನ್ನೊಂದು ವಿಷಯ ಹೊಳೆಯಿತು. ನಾನು ಕಾಲು ತಾಗಿಸಿದ ಗಂಡಸರೆಲ್ಲ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಲೇಬೇಕಿತ್ತು. ಕೈ ಕಟ್ಟಿಕೊಂಡು ಕೂರುವ ಸುಖ ಅವರಿಗಿರಲಿಲ್ಲ. ದುಡಿಯುತ್ತ ಓಡಾಡುತ್ತ ಅವರ ಮೈ ತಾನೇ ಸಡಿಲಾಗುತ್ತಿತ್ತು. ದೊಡ್ಡವ್ವನ ನೇಮವನ್ನು ಪೂರ್ತಿ ಪಾಲಿಸಿದವಳು ಅವ್ವ ಒಬ್ಬಳೇ.

ದೀಪಾವಳಿ ಸೂಟಿಯಲ್ಲಿ ನಾನೂ ಬೀಚಿಗೆ ಹೋದೆ. ಅವ್ವ ಕೂತಿರುತ್ತಿದ್ದಳು, ಚಾದರ ಹಾಕುವವಳು ನಾನು. ನನ್ನ ಎತ್ತರಕ್ಕೆ ಅದು ಹಗ್ಗಕ್ಕೆ ಸಿಕ್ಕದೆ ಮರಳಿಗೆ ಬೀಳುತ್ತಿತ್ತು. ಮನೆಯ ಗೋಡೆಯ ಮೇಲೆ ಎರಡು ಬೆರಳಿನಷ್ಟು ಜಾಗ ಇನ್ನೂ ಬಾಕಿಯಿತ್ತು. ಸೂಟಿಯ ಕೊನೆಯ ದಿನ ಅವ್ವ ಎದ್ದು ನಿಂತು, ಕೆಂಪು ಚಾದರವನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಸರಿ ಅತ್ತಾಗ."

ಎರಡೂ ಕೈ ಮೇಲಕ್ಕೆ ಹೋದವು. ಬಲಗೈ ಕಿವಿ ದಾಟಿತು, ತಲೆ ದಾಟಿತು. ಚಾದರ ಗಾಳಿಗೆ ಉಬ್ಬಿ ಹಗ್ಗದ ಮೇಲೆ ಬಿತ್ತು, ನೂರಾರು ಕನ್ನಡಿ ಒಮ್ಮೆಗೇ ಬೆಳಗಿದವು. ನಾನು ನೋಡಿದ್ದು ಚಾದರವನ್ನಲ್ಲ, ಅವಳ ಹಿಮ್ಮಡಿಗಳನ್ನು. ಎರಡೂ ಮರಳಿನಲ್ಲಿ ಊರಿದ್ದವು.

ಪಕ್ಕದಲ್ಲಿ ಕೂತಿದ್ದ ದೊಡ್ಡವ್ವ ಬಾಯಿ ತೆರೆದು ನೋಡಿದಳು. "ಅಂತೂ ಪಾಯಾಳು ಕಾಲು ಸುಳ್ಳಾಗಲಿಲ್ಲ ನೋಡು!"

"ಖರೇ ಐತಿ ಅಕ್ಕಾ, ಆಕಿ ಕಾಲಿಂದನ ಆರಾಮಾತು," ಅಂದಳು ಅವ್ವ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತ. "ಇನ್ನ ಆ ಕಾಲು ಸಾಲಿಗೆ ಹೋಗ್ಲಿ."

ಸೋಮವಾರ ನಾನು ಶಾಲೆಗೆ ಹೋದೆ. ಇಂದು ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಯಾರಾದರೂ ನನ್ನ ಓದಿನ ಬಗ್ಗೆ ಹೊಗಳಿದರೆ, ಅದು ನಮ್ಮವ್ವ ಗೋಡೆ ಹತ್ತಿ ತಂದದ್ದು ಎಂದು ಎದೆಯುಬ್ಬಿಸಿ ಹೇಳುತ್ತೇನೆ.

ಆ ಗೋಡೆ ಈಗಿಲ್ಲ. ಮುಂದಿನ ಚೌತಿಗೆ ಮಾಲೀಕರು ಸುಣ್ಣ ಬಳಿಸಿದಾಗಲೇ ಗೆರೆಗಳು ಹೋದವು, ಆಮೇಲೆ ಕೋಣೆಗಳೂ ಹೋಗಿ ಬಿಲ್ಡಿಂಗ್ ಬಂತು. ಬಾಗಿಲ ಮುಂದೆ ಚಾಪೆ ಹಾಸಿ ಮಲಗಿ ಪಾಯಾಳುವಿಗಾಗಿ ಕಾಯುವವರಿಲ್ಲ. ಟೊಂಕ ಹಿಡಿದರೆ ಮೆಡಿಕಲ್ಲಿನಿಂದ ಸ್ಪ್ರೇ ತರುತ್ತಾರೆ. ಅದಕ್ಕೆ ನನಗೆ ಬೇಜಾರಿಲ್ಲ. ಅವ್ವ ಹೋಗಿ ಮೂರು ವರ್ಷವಾಯಿತು.

ಈ ಮಳೆಗಾಲದಲ್ಲಿ ನನ್ನ ಭುಜವೂ ಬಿಗಿದಿದೆ. ಫಿಜಿಯೋ ಹುಡುಗಿ ಮೊಬೈಲಿನಲ್ಲಿ ವಿಡಿಯೋ ಕಳಿಸಿದ್ದಾಳೆ, ಅದೇ ಗೋಡೆ ಹತ್ತುವ ವ್ಯಾಯಾಮ. ನನಗೆ ಹೇಳಿಕೊಡಬೇಕೇ? ಬೆಳಿಗ್ಗೆ ಫ್ಲಾಟಿನ ನುಣುಪು ಗೋಡೆಗೆ ಬೆರಳಿಟ್ಟು ನಡೆಸುತ್ತೇನೆ. ಕಣ್ಣಿನ ಮಟ್ಟ ದಾಟಿದ ಕೂಡಲೇ ನನ್ನ ಹಿಮ್ಮಡಿಯೂ ಕಳ್ಳತನದಿಂದ ಮೇಲೇಳುತ್ತದೆ. ತುಳಿದು ನಿಲ್ಲುವವರು ಯಾರೂ ಇಲ್ಲ. ನಾನೇ ಹಿಮ್ಮಡಿಗಳನ್ನು ನೆಲಕ್ಕೆ ಊರಿ, ಬೆರಳನ್ನು ಕೆಳಗಿಳಿಸಿ, ಮೊದಲಿನಿಂದ ಶುರು ಮಾಡುತ್ತೇನೆ.