ಸತ್ತ ಮೂರು ಸೆಲ್ಲು

ತಿಪಟೂರಿನ ಆ ಬ್ಯಾಟರಿ ರಿಪೇರಿಯವರು ಮೀಟರ್ ಇಟ್ಟು ನೋಡದೆ ಏನನ್ನೂ ನಂಬುತ್ತಿರಲಿಲ್ಲ. “ಒಂದೊಂದೇ ಸೆಲ್ ನೋಡ್ಬೇಕು ಕಣ್ರೀ” ಎನ್ನುವುದು ಅವರ ಮಾತು.

ಕೊಬ್ಬರಿ ವ್ಯಾಪಾರಕ್ಕೆ ನಾನು ಓಡಿಸುವ ಎಲೆಕ್ಟ್ರಿಕ್ ಸ್ಕೂಟರ್, ಪೂರ್ತಿ ಚಾರ್ಜ್ ಮಾಡಿದರೂ ಹತ್ತಿರದ ಹೊನ್ನವಳ್ಳಿ ಮುಟ್ಟುವ ಮೊದಲೇ ನಿಲ್ಲುತ್ತಿತ್ತು. ಅವರು ಬ್ಯಾಟರಿ ಬಿಚ್ಚಿ, ಎಲ್ಲ ಸೆಲ್ಲುಗಳ ವೋಲ್ಟೇಜ್ ಸಮ ಮಾಡಿಟ್ಟರು. ಮರುದಿನ ನೋಡಿದರೆ ಮೂರು ಮತ್ತೆ ಇಳಿದಿದ್ದವು.

“ಈ ಮೂರು ಸತ್ತವೆ. ಇಡೀ ಬ್ಯಾಟರೀನ ಇವೇ ನಿಲ್ಲಿಸ್ತಿರೋದು.”

“ಸುಮ್ನೆ ಮುಚ್ಚಿಕೊಡಿ, ಯಾರಿಗಾದ್ರೂ ಮಾರಿಬುಡ್ತೀನಿ” ಎಂದೆ.

ಅವರು ಸ್ಕ್ರೂಡ್ರೈವರ್ ಕುಕ್ಕಿದರು. “ಕೊಬ್ಬರಿ ಚೀಲದ ನಡುವೆ ಬೂಷ್ಟು ಹಿಡಿದಿದ್ದು ತುಂಬಿ ತಂದೋನಿಗೆ ಹೋದ ವಾರ ಮಾರ್ಕೆಟ್ಟಲ್ಲಿ ನೀವೇ ಎಲ್ಲರ ಮುಂದೆ ಉಗಿದ್ರಲ್ಲ, ಯಾಕ್ರೀ?”

ಅವರು ಮುಚ್ಚಳ ಹಾಕಿ, ಅದರ ಮೇಲೆ ದಪ್ಪಕ್ಷರದಲ್ಲಿ ‘ಮೂರು ಸೆಲ್ ಸತ್ತಿವೆ’ ಎಂದು ಬರೆದು ನನ್ನ ಕೈಗಿಟ್ಟರು.

“ಅಳಿಸೋದಾದ್ರೆ ನೀವೇ ಅಳಿಸ್ಕಳಿ.”